ಬೀಗಿತ್ತಿಯ ರೈಫಲ್

ನನ್ನ ಬೀಗಿತ್ತಿಯ ಬಲ ಹೆಗಲಿನ ಎಲುಬು ಕುತ್ತಿಗೆಯ ಬುಡದಿಂದ ಸ್ವಲ್ಪ ಆಚೆಗೆ ಅಡಿಕೆ ಗಾತ್ರಕ್ಕೆ ಉಬ್ಬಿಕೊಂಡಿತ್ತು. ಕೊಡವರ ಹೆಂಗಸರು ಸೆರಗನ್ನು ಎಡ ಕಂಕುಳ ಕೆಳಗಿನಿಂದ ತಂದು ಬಲ ಹೆಗಲ ಮೇಲೆ ಪಿನ್ನು ಹಾಕುತ್ತಾರೆ. ಆ ಪಿನ್ನು ಸರಿಯಾಗಿ ಉಬ್ಬಿನ ಮೇಲೆಯೇ ಕೂರುತ್ತಿದ್ದರಿಂದ ಹೊರಗಿನವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಸುಬಾಂಗ್ ಜಯಾದಲ್ಲಿದ್ದ ಮಗಳ ಫ್ಲಾಟಿನ ಒಂದೇ ಕೋಣೆಯಲ್ಲಿ ಇಬ್ಬರೂ ಮಲಗಬೇಕಾಗಿ ಬಂದು, ಅವರು ನೈಟಿ ತೊಟ್ಟು ಎದುರಿಗೆ ಕೂತಾಗಲೇ ನನಗೆ ಕಂಡದ್ದು. "ಬಿದ್ದಿದ್ರಾ?" ಎಂದು ಕೇಳಿದೆ.

"ಇಲ್ಲ ಅಕ್ಕ. ಮದುವೆಯಾದ ವರ್ಷ ಗಂಡನ ರೈಫಲ್ ಹಾರಿಸಿದೆ. ಸಡಿಲವಾಗಿ ಹಿಡ್ಕೊಂಡಿದ್ದೆ, ಒದೀತು" ಎಂದರು, ಕೊಟ್ಟಿಗೆಯ ಕರು ಒದ್ದದ್ದನ್ನು ಹೇಳುವ ಹಾಗೆ.

ಎರಡನೆಯ ಮೊಮ್ಮಗಳ ಬಾಣಂತನಕ್ಕೆಂದು ನಾನು ಮಲೇಶಿಯಾಕ್ಕೆ ಬಂದಿದ್ದೆ. ಮಗಳ ಅತ್ತೆಯಾದ ಅವರು ನಾಮಕರಣಕ್ಕೆ ಬಂದವರು, ವಾಪಸ್ ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡೇ. ಅಷ್ಟರಲ್ಲಿ ಕೋವಿಡ್ ಬಂತು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಇಲ್ಲಿನವರ ಬಾಯಲ್ಲಿ ಲಾಕ್‌ಡೌನಿಗೆ ಎಂಸಿಓ ಎಂದು ಹೆಸರು. ಮನೆಗೊಬ್ಬರು ಮಾತ್ರ ಹೊರಗೆ ಹೋಗಿ ಸಾಮಾನು ತರಬಹುದು. ಆಮೇಲೆ ಊರಿಗೆ ವಿಶೇಷ ವಿಮಾನಗಳು ಹೊರಟವು, ಆದರೆ ಮಕ್ಕಳು ಇಬ್ಬರು ಮುದುಕಿಯರನ್ನೂ ಕಳಿಸಲು ಒಪ್ಪಲಿಲ್ಲ. ಹೀಗೆ ಮೈಸೂರಿನ ಕಾನ್ವೆಂಟಿನಲ್ಲಿ ಓದಿದ, ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ನಾನೂ, ಹಂದಿಮಾಂಸವಿಲ್ಲದ ಭಾನುವಾರವನ್ನು ಭಾನುವಾರವೆಂದೇ ಒಪ್ಪದ ಅವರೂ ಮಂಚಕ್ಕೆ ಮಂಚ ತಾಗಿಸಿಕೊಂಡು ಎರಡು ವರ್ಷದ ಹತ್ತಿರ ಹತ್ತಿರ ಕಳೆದೆವು.

ಮೊದಮೊದಲು ನನಗೆ ನಾಚಿಕೆಯೋ ನಾಚಿಕೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ದನಿ ತಗ್ಗಿಸುವುದನ್ನು. ಎ ಲೇಡಿ ಈಸ್ ನೆವರ್ ಹರ್ಡ್ ಇನ್ ದ ನೆಕ್ಸ್ಟ್ ರೂಮ್. ಇವರ ಫೋನಿನ ಮಾತು ಪಕ್ಕದ ಕೋಣೆಗಲ್ಲ, ಕೆಳಗಿನ ಕಾರ್ ಪಾರ್ಕಿಗೇ ಕೇಳುತ್ತಿತ್ತು. ಅಳಿಯಂದಿರು ಸೂಪರ್‌ಮಾರ್ಕೆಟ್ಟಿನ ನಾನ್-ಹಲಾಲ್ ಕೋಣೆಯಿಂದ ಹಂದಿಮಾಂಸ ತಂದ ದಿನ ನಾನು ಮಗು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಊದುಬತ್ತಿ ಹಚ್ಚಿಕೊಂಡು ಕೂರುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಅವರೇ ಒಂದು ಕರೆಂಟ್ ಒಲೆ ತರಿಸಿ, "ನೀವು ಒಳಗೆ ಕೂತ್ಕೊಳ್ಳಿ ಅಕ್ಕ, ಬಾಲ್ಕನಿಗೆ ನಾನು ಹೋಗ್ತೀನಿ" ಎಂದು ಅಡುಗೆಯನ್ನೇ ಹೊರಗೆ ಸಾಗಿಸಿದರು. ನನಗೆ ಇನ್ನಷ್ಟು ನಾಚಿಕೆಯಾಯಿತು.

ಬಾಲ್ಕನಿಯಲ್ಲಿ ನಿಂತು ಅವರು ಲೋಕವನ್ನೆಲ್ಲ ಗುಂಡಿನ ಅಳತೆಯಲ್ಲಿ ತೂಗುತ್ತಿದ್ದರು. ಕೆಳಗೆ ದೊಡ್ಡ ಚರಂಡಿಯಲ್ಲಿ ಮೊಸಳೆಯಂಥ ಉಡವೊಂದು ಈಜಿಕೊಂಡು ಹೋಗುತ್ತಿತ್ತು. "ಅದಕ್ಕೆ ಛರ್ರೆ ಸಾಕು" ಎನ್ನುವರು, ಎಂದರೆ ಹಕ್ಕಿ ಹೊಡೆಯುವ ಸಣ್ಣ ಗುಂಡು. ಟೆರೇಸಿನ ಕೋತಿ ಕಂಡರೆ, "ಪಾಪ, ಅದಕ್ಕೆ ಕಲ್ಲು ಸಾಕು." ನಮ್ಮ ಕಟ್ಟಡದ ಮ್ಯಾನೇಜ್‌ಮೆಂಟ್ ಕಮಿಟಿಯ ಅಧ್ಯಕ್ಷರು ದಿನಕ್ಕೊಂದು ಹೊಸ ನಿಯಮವನ್ನು ಲಿಫ್ಟಿನಲ್ಲಿ ಅಂಟಿಸುವವರು. ಒಮ್ಮೆ ಅವರು ಕೆಳಗೆ ನಡೆದುಹೋಗುತ್ತಿದ್ದಾಗ, "ಇವರಿಗೆ?" ಎಂದು ನಾನು ಬಾಯಿ ತಪ್ಪಿ ಕೇಳಿದೆ. ಬೀಗಿತ್ತಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಶಬ್ದ ಸಾಕು" ಎಂದರು. ನಾನು ನಕ್ಕ ದನಿ ಆ ಮನುಷ್ಯನಿಗೇ ಕೇಳಿಸಿ ಅವರು ತಲೆ ಎತ್ತಿ ನೋಡಿದರು.

ಆ ರೈಫಲ್ಲಿನ ಪೂರ್ತಿ ಕಥೆ ಹೊರಗೆ ಬಂದದ್ದು ಮಗುವಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ ಒಂದು ಬೆಳಗ್ಗೆ. ಕೈಲ್ ಮುಹೂರ್ತದ ದಿನ ಅವರ ಕುಟುಂಬದವರೆಲ್ಲ ಕೋವಿಗಳನ್ನು ಒರೆಸಿ ದೊಡ್ಡ ಮನೆಯ ದೇವರ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜೆ ಮಾಡುತ್ತಾರಂತೆ. ಒಬ್ಬೊಬ್ಬರ ಪಾಲಿಗೆ ಒಂದೊಂದು ಜಾಗ. ಇವರ ಪಾಲಿನ ಜಾಗದಲ್ಲಿ ಇವರ ಯಜಮಾನರ ದೊಡ್ಡ ರೈಫಲ್ ನಿಲ್ಲುತ್ತಿತ್ತು, ತ್ರೀ ಸೆವೆಂಟಿಫೈವ್, ಆನೆಯ ಬೇಟೆ ನಡೆಯುತ್ತಿದ್ದ ಕಾಲದ್ದು. ಕಾಫಿಗೆ ಬೆಲೆಯಿಲ್ಲದ ಒಂದು ವರ್ಷ ಅದನ್ನು ಮಾರಿದರು.

"ನಿಮ್ಮ ಅಳಿಯಂದಿರ ಇಂಜಿನಿಯರಿಂಗ್ ಸೀಟು ಅಂದ್ರೆ ಅದೇ ರೈಫಲ್ಲು. ಅವನಿಗೆ ಹೇಳ್ಬೇಡಿ. ಅವನು ಚಿಕ್ಕಂದಿನಿಂದ ಪಟಾಕಿಗೂ ಹೆದರೋನು" ಎಂದರು. "ಅವತ್ತಿಂದ ಆ ಜಾಗ ಖಾಲಿ. ನಮ್ಮೋರು ಹಬ್ಬದ ದಿನ ಹೊಟ್ಟೆನೋವು ಅಂತ ಮನೇಲೇ ಮಲಗ್ತಿದ್ರು. ಅವರು ಹೋದ್ಮೇಲೆ ನಾನೊಬ್ಬಳೇ ಹೋಗಿ ಆ ಖಾಲಿ ಜಾಗದ ಎದುರು ಕೈಮುಗಿದು ಬರ್ತೀನಿ."

ಈಗ ಅವರ ಕೈಯಲ್ಲಿ ಕರಿಮೆಣಸಿನ ದುಡ್ಡು ಸ್ವಲ್ಪ ಕೂಡಿತ್ತು. ಸಾಯುವ ಮೊದಲು ಆ ಜಾಗದಲ್ಲಿ ಒಂದು ರೈಫಲ್ ನಿಲ್ಲಿಸಬೇಕು, ಅಷ್ಟೇ ಅವರ ಆಸೆ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಆದರೆ ರೈಫಲ್ ಎಂದರೆ ಒಂದೇ. "ಸೀರೆ ತರ ಅಲ್ಲ ಅಕ್ಕ, ಇದಿರಲಿ ಇನ್ನೊಂದೂ ತಗೊಳ್ಳೋಣ ಅನ್ನೋಕೆ. ಒಂದು ಸಲ ಆರಿಸಿದ್ರೆ ಮುಗೀತು."

ನಾನು ಕಾನ್ವೆಂಟ್ ಬುದ್ಧಿ ಓಡಿಸಿ ಪ್ರಾಕ್ಟಿಕಲ್ ಆಗಿ ಹೇಳಿದೆ: "ಬೇಟೆ ನಿಂತು ಎಷ್ಟೋ ವರ್ಷವಾಯ್ತಲ್ಲ. ಪೂಜೆಗೆ ತಾನೆ? ಚಿಕ್ಕದು, ಹೊಸದು, ಅಗ್ಗದ್ದು ಒಂದು ತಗೊಳ್ಳಿ."

"ಹೋದದ್ದು ದೊಡ್ಡದು. ಬರೋದು ಚಿಕ್ಕದಾದ್ರೆ ಪಕ್ಕದಲ್ಲಿ ನಿಂತೋರು ಅಳೀತಾರೆ. ಖಾಲಿ ಜಾಗವನ್ನಾದ್ರೆ ಯಾರೂ ಅಳೆಯೋಕಾಗಲ್ಲ" ಎಂದರು.

ಅಲ್ಲಿಂದ ನಾನು ಅವರ ಇಂಗ್ಲಿಷ್ ಸೆಕ್ರೆಟರಿಯಾದೆ. ಹಳೆಯ ದೊಡ್ಡ ರೈಫಲ್ಲುಗಳನ್ನು ಮಾರುವವರು ಜಾಹೀರಾತನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಟ್ಯಾಬಿನಲ್ಲಿ ಹುಡುಕಿ ಓದಿ ಹೇಳುವುದು ನನ್ನ ಕೆಲಸ. "ಮೈನರ್ ಪಿಟಿಂಗ್ ಅಂತ ಇದೆ" ಎನ್ನುವೆ. "ನಳಿಗೆ ಒಳಗೆ ತುಕ್ಕು ತಿಂದು ಗುಳಿ ಬಿದ್ದಿದೆ ಅಂತ ಅರ್ಥ. ಮುಂದಿನದು." "ಒರಿಜಿನಲ್ ವುಡ್, ಹೇರ್‌ಲೈನ್ ಕ್ರ್ಯಾಕ್." "ಹಿಡಿಯ ಕತ್ತಿನ ಹತ್ತಿರವಾ? ಹಾಗಿದ್ರೆ ಹಾರಿಸಿದ ದಿನ ಎರಡು ತುಂಡು. ಮುಂದಿನದು." ಒಂದು ಜೋಡಿನಳಿಗೆಯ ರೈಫಲ್ಲಿನ ಚಿತ್ರ ನೋಡಿ ನನಗೇ ಆಸೆಯಾಯಿತು. ಬೆಲೆ ಓದಿದೆ. ಅವರು ಮಗುವಿನ ಕೆನ್ನೆ ಮುಟ್ಟಿ, "ಇದಕ್ಕೆ ನಿನ್ನನ್ನೂ ಮಾರಬೇಕು ಕಣೇ" ಎಂದರು. ಇನ್ನೊಂದು ಭಾರೀ ಗಾತ್ರದ್ದು ತೀರಾ ಅಗ್ಗಕ್ಕೆ ಬಂತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಕೂತ್ಕೊಳ್ಳಿ. ಅದರ ತೋಟಾ ಈಗ ಯಾರ ಹತ್ತಿರವೂ ಸಿಗಲ್ಲ. ರೈಫಲ್ ಒಂದು ಸಲ ಕೊಳ್ಳೋದು, ತೋಟಾ ಜೀವಮಾನ ಪೂರ್ತಿ. ಅಗ್ಗ ಆಗಿರೋದು ಅದಕ್ಕೇ" ಎಂದರು.

ದಲ್ಲಾಳಿಗಳನ್ನು ಅವರು ನಂಬುತ್ತಿರಲಿಲ್ಲ. ವಿಧವೆಯರ ಹತ್ತಿರವೇ ಕೊಳ್ಳಬೇಕೆಂಬುದು ಅವರ ನಿಯಮ. ಗಂಡ ವಾರವಾರವೂ ಎಣ್ಣೆ ಹಾಕಿ ಒರೆಸಿಟ್ಟದ್ದು ಹೆಂಡತಿಯ ಮನೆಯಲ್ಲೇ ಇರುತ್ತದೆ, ಅಂಗಡಿಗೆ ಹೋದದ್ದು ತುಕ್ಕು ಹಿಡಿಯುತ್ತದೆ ಎಂದು ಅವರ ಲೆಕ್ಕ. ಹಾಗಾಗಿ ಒಂದೊಂದು ಫೋನೂ ಯೋಗಕ್ಷೇಮದಿಂದ ಶುರುವಾಗಿ, ತೀರಿಹೋದವರ ಕಾಯಿಲೆಯ ಕಥೆಯನ್ನು ಹಾದು, ನಳಿಗೆಗೆ ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

ನಾನು ದೀಪ ಹಚ್ಚಿ ಸಹಸ್ರನಾಮ ಓದುವವಳು. ಅದರ ನಡುವೆಯೇ ನನ್ನ ತಲೆ ನಿನ್ನೆ ನೋಡಿದ ರೈಫಲ್ಲಿನ ಬೋಲ್ಟಿನ ಕಡೆ ಹೋಗುತ್ತಿತ್ತು. ನನಗೆ ಬೇಸರವೆಂಬುದೇ ಇರಲಿಲ್ಲ. ಊರಿನಿಂದ ದಿನಕ್ಕೊಂದು ಸಾವಿನ ಸುದ್ದಿ ಬರುತ್ತಿದ್ದ ಕಾಲ, ನಾನೋ ಹುಡುಗಿಯ ಹಾಗೆ ಬೆಳಗಾಗುವುದನ್ನೇ ಕಾಯುತ್ತಿದ್ದೆ. ಹೇಳಿಕೊಳ್ಳಲು ಮುಖವಿಲ್ಲದ ಖುಷಿ ಅದು.

ಒಂದು ದಿನ ಟ್ಯಾಬಿನ ಚಾರ್ಜು ಮುಗಿದು, ಊಟಕ್ಕೆ ಎದ್ದಿದ್ದ ಅಳಿಯಂದಿರ ಲ್ಯಾಪ್‌ಟಾಪಿನಲ್ಲೇ ನಾನು ಹುಡುಕಿದೆ. ಅವರದು ಸೈಬರ್‌ಜಯಾದ ಕಂಪನಿ, ಆಗ ಮನೆಯಿಂದಲೇ ಕೆಲಸ. ಮರುದಿನ ಅವರು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮುಖ ಬಿಳುಚಿಕೊಂಡಿತ್ತು.

"ಅತ್ತೆ, ನಿನ್ನೆ ನನ್ನ ಆಫೀಸ್ ಲ್ಯಾಪ್‌ಟಾಪಲ್ಲಿ ಎಲಿಫೆಂಟ್ ರೈಫಲ್ ಹುಡುಕಿದ್ದು ಯಾರು? ಸೆಕ್ಯುರಿಟಿ ಟೀಮ್ ಫೋನ್ ಮಾಡಿ ಕೇಳ್ತಿದೆ. ಇದು ಮಲೇಶಿಯಾ, ಇಲ್ಲಿ ಜೇಬಲ್ಲಿ ಒಂದು ತೋಟಾ ಸಿಕ್ಕಿದ್ರೂ ಜೈಲು. ಜನರನ್ನ ಕೆಲಸದಿಂದ ತೆಗೀತಿರೋ ಟೈಮಲ್ಲಿ..."

ಹೆಡ್‌ಮಿಸ್ಟ್ರೆಸ್ ಎದುರು ನಿಂತ ಹಾಗೆ ನಾವಿಬ್ಬರೂ ತಲೆ ತಗ್ಗಿಸಿದೆವು. ದೊಡ್ಡ ಮೊಮ್ಮಗಳು ಇಣುಕಿ ನೋಡಿ, "ಗ್ರ್ಯಾನೀಸ್ ಕಾಟ್ ಆಲ್ರೆಡಿ ಲಾ!" ಎಂದು ಇಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ ಕೂಗಿ ಕುಣಿದಳು. ನಾನು ಗೌರವದ ಸುಳ್ಳೊಂದನ್ನು ಮನಸ್ಸಿನಲ್ಲೇ ಹೆಣೆಯುತ್ತಿದ್ದೆ, ಹಳೆಯ ಇತಿಹಾಸವೇನೋ ಓದುತ್ತಿದ್ದೆವು ಎಂದು. ಅಷ್ಟರಲ್ಲಿ ಬೀಗಿತ್ತಿ, "ಟೈಪ್ ಮಾಡಿದ್ದು ಅವರು. ಮಾಡ್ಸಿದ್ದು ನಾನು. ನನಗೆ ರೈಫಲ್ ಬೇಕಿತ್ತು. ನಿನ್ನ ಆಫೀಸಿನವರಿಗೂ ಹಾಗೇ ಹೇಳು" ಎಂದುಬಿಟ್ಟರು. ಅಳಿಯಂದಿರು ಹಾಗೇ ಹೇಳಿದರು. ಆಫೀಸಿನವರು ನಕ್ಕು ಬಿಟ್ಟರಂತೆ. ನನ್ನ ಇತಿಹಾಸದ ಕಥೆ ಹೇಳಿದ್ದರೆ ಏನಾಗುತ್ತಿತ್ತೋ.

ಬೀಗಿತ್ತಿಯ ಮನಸ್ಸಿನಲ್ಲಿದ್ದದ್ದು ಮಾತ್ರ ಈ ಜಾಹೀರಾತಿನ ಯಾವುದೂ ಅಲ್ಲ. ಮಾರಿದ ರೈಫಲ್ ಇನ್ನೂ ಊರಿನಲ್ಲೇ ಇತ್ತು. ಯಜಮಾನರ ಬೇಟೆಯ ಜೊತೆಗಾರರೊಬ್ಬರು ಕೊಂಡಿದ್ದರು, ಅವರಿಗೆ ಈಗ ಎಂಬತ್ತು ದಾಟಿತ್ತು. ಇವರು ಕೇಳಿದಾಗ, "ನಾನು ಕಣ್ಣು ಮುಚ್ಚೋ ತನಕ ಕೊಡಲ್ಲ ಕಣಮ್ಮ, ಆಮೇಲೆ ನಿನ್ನಿಷ್ಟ" ಎಂದು ನಕ್ಕಿದ್ದರಂತೆ. ಕೊಟ್ಟರೂ ಅವರು ಹೇಳುವ ಬೆಲೆ ಇವರ ಕೈಗೆ ಎಟುಕುವಂಥದ್ದಲ್ಲ. ಆದರೂ ಇವರು ಪ್ರತಿ ಭಾನುವಾರ ಅವರಿಗೆ ಫೋನು ಮಾಡುತ್ತಿದ್ದರು. "ಬಾವ, ಹೇಗಿದ್ದೀರಿ? ಕೆಮ್ಮು ಕಡಿಮೆಯಾಯ್ತಾ? ಊಟ ಸೇರ್ತದಾ?" ಒಂದು ವರ್ಷದ ಸಹವಾಸದಲ್ಲಿ ಅವರ ಭಾಷೆ ನನಗೂ ತಿಳಿಯುತ್ತಿತ್ತು.

ಎರಡನೆಯ ಅಲೆ ಬಂದಾಗ ಊರಿನ ಫೋನೆಂದರೆ ದೇವರ ಹೆಸರು ಹೇಳಿ ಎತ್ತುವಂತಾಯಿತು. ಆ ಬೇಸಿಗೆಯ ಒಂದು ಬೆಳಗ್ಗೆ ನಾವಿಬ್ಬರೂ ಊಟದ ಮೇಜಿನ ಮೇಲೆ ಕಾಂಕುಂಗ್ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದೆವು. ಅವರ ಫೋನು ಬಂತು. ಕೇಳಿಸಿಕೊಂಡರು, ಎರಡು ಮಾತು ಆಡಿದರು, ಇಟ್ಟರು.

"ಬಾವ ಹೋದ್ರಂತೆ. ಅವರ ಮಗ ಫೋನ್ ಮಾಡಿದ್ದು."

"ಅಯ್ಯೋ ರಾಮ" ಎಂದೆ.

ಅಷ್ಟೇ. ಇಬ್ಬರೂ ಸೊಪ್ಪಿನ ಮೇಲೆ ಬಗ್ಗಿದೆವು. ನಾನು ತಲೆ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಯ್ಯೋ ರಾಮ ಎಂಬ ಮಾತು ನಾಲಿಗೆಗೆ ಬರುವ ಮೊದಲೇ ಆ ರೈಫಲ್ ಇನ್ನು ಬರುತ್ತದೆ, ಬೆಲೆಯೂ ಇಳಿಯುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಓಡಿಹೋಗಿತ್ತು. ಎದುರಿಗೆ ಕೂತವರ ತಲೆಯಲ್ಲೂ ಅದೇ ಓಡಿದ್ದು, ಬಿಡಿಸಿದ ಕಡ್ಡಿಯನ್ನೇ ಮತ್ತೆ ಬಿಡಿಸುತ್ತಿದ್ದ ಅವರ ಬೆರಳು ನೋಡಿದರೇ ತಿಳಿಯುತ್ತಿತ್ತು. ಮಗುವಿನ ತೊಟ್ಟಿಲಿನಿಂದ ಸದ್ದು ಬಂದಾಗ ಇಬ್ಬರೂ ಒಟ್ಟಿಗೆ ಎದ್ದು ಓಡಿದೆವು, ಆ ಮೇಜು ಬಿಟ್ಟರೆ ಸಾಕೆಂದು.

ಆ ದಿನಗಳಲ್ಲಿ ಟ್ಯಾಬು ತೆರೆದರೆ ಹಳೆಯ ರೈಫಲ್ಲುಗಳು ಒಂದರ ಮೇಲೊಂದು ಮಾರಾಟಕ್ಕೆ ಬರುತ್ತಿದ್ದವು. ಯಾವ ಮುದುಕರ ಗೋಡೆಯಿಂದ ಇಳಿದವೆಂದು ಯಾರೂ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಬೀಗಿತ್ತಿ ನೋಡುವುದನ್ನೇ ಬಿಟ್ಟರು. ಬಾಲ್ಕನಿಗೂ ಹೋಗುತ್ತಿರಲಿಲ್ಲ. ಭಾನುವಾರ ಬಂದರೆ ಫೋನನ್ನು ಮಗುಚಿ ಹಾಕಿ ಪಕ್ಕಕ್ಕೆ ತಿರುಗಿ ಮಲಗುತ್ತಿದ್ದರು.

ತಿಥಿಯೆಲ್ಲ ಮುಗಿದ ಮೇಲೆ ಆ ಜೊತೆಗಾರರ ಹೆಂಡತಿಯೇ ಫೋನು ಮಾಡಿದರು. ಬೀಗಿತ್ತಿಯ ಕೈಯೆಲ್ಲ ಅಕ್ಕಿತರಿ ಮೆತ್ತಿತ್ತು, ಕಡುಬಿನ ಉಂಡೆ ಕಟ್ಟುತ್ತಿದ್ದರು. ಸ್ಪೀಕರ್ ಹಾಕಿಕೊಟ್ಟವಳು ನಾನೇ. ಆಕೆ ಹೇಳಿದರು: ಮಕ್ಕಳಿಗೆ ಬೇಡ, ಮನೆಯಲ್ಲಿ ಅದನ್ನು ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ, ನಿಮ್ಮದೇ ಆಗಿತ್ತಲ್ಲ, ತಗೋ. ಆಮೇಲೆ ಬೆಲೆ ಹೇಳಿದರು. ಕರಿಮೆಣಸಿನ ದುಡ್ಡಿನಲ್ಲಿ ಕೊಂಡು ತೋಟಾಕ್ಕೂ ಉಳಿಯುವಷ್ಟು ಕಡಿಮೆ. ನಾನು ಬೀಗಿತ್ತಿಯ ಮುಖ ನೋಡಿದೆ. ಹೂಂ ಎಂದರೆ ಮುಗಿಯಿತು.

"ಅಕ್ಕ, ಒಂದು ಮಾತು ಕೇಳಿ, ಆಮೇಲೆ ಕೊಡೋದು ಬಿಡೋದು ನಿಮ್ಮಿಷ್ಟ" ಎಂದರು ಅವರು. "ಬಾವ ಹೋದ್ರು ಅಂತ ನಿಮ್ಮ ಮಗ ಹೇಳಿದಾಗ ನಾನು ಮೊದಲು ಅಳಲಿಲ್ಲ. ರೈಫಲ್ ಬಂತು ಅಂದ್ಕೊಂಡೆ. ಅದು ಮೊದಲು, ಅಳು ಆಮೇಲೆ. ವಾರವಾರ ಫೋನ್ ಮಾಡಿ ಕೆಮ್ಮು ಹೇಗಿದೆ ಅಂತಿದ್ದೆನಲ್ಲ, ಅದರಲ್ಲಿ ಬಾವನ ಪಾಲೆಷ್ಟು, ರೈಫಲ್ಲಿನ ಪಾಲೆಷ್ಟು, ನನಗೇ ಗೊತ್ತಿಲ್ಲ. ಇದನ್ನ ತಿಳ್ಕೊಂಡೂ ಕೊಡೋ ಮನಸ್ಸಿದ್ರೆ ಕೊಡಿ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹಾಗೆಲ್ಲ ಹೇಳುತ್ತಾರೆಯೇ, ಗಂಡನನ್ನು ಕಳೆದುಕೊಂಡವಳ ಹತ್ತಿರ! ಫೋನು ಕಟ್ಟಾಯಿತೇನೋ ಎಂದು ಬಗ್ಗಿ ನೋಡಿದೆ. ಆಗಿರಲಿಲ್ಲ. ಕೊನೆಗೆ ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು.

"ನನಗೆ ಮೊದಲು ಬಂದದ್ದು ಏನು ಗೊತ್ತೇ?" ಎಂದರು ಆಕೆ. "ಇನ್ನು ಕಫದ ಬಟ್ಟಲು ತೊಳೆಯೋ ಕೆಲಸ ಇಲ್ಲ ಅಂತ. ಇಷ್ಟು ದಿನದಿಂದ ಬಂದೋರೆಲ್ಲ ಹೇಗೆ ತಡ್ಕೊಂಡ್ಯಮ್ಮ, ಹೇಗೆ ತಡ್ಕೊಂಡ್ಯಮ್ಮ ಅಂತಿದ್ದಾರೆ. ಯಾರಿಗೆ ಹೇಳಲಿ ಅಂತ ಕೂತಿದ್ದೆ. ರೈಫಲ್ ನಿನಗೇ. ಬೇರೆ ಯಾರಿಗೂ ಕೊಡಲ್ಲ."

ಆಮೇಲೆ ನಡೆದ ಚೌಕಾಸಿಯಂಥದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಕೊಳ್ಳುವವರು ಏರಿಸುವುದು, ಮಾರುವವರು ಇಳಿಸುವುದು. "ಅಷ್ಟಕ್ಕೆ ಕೊಟ್ರೆ ನಾನು ತಗೊಳ್ಳಲ್ಲ." "ಅಷ್ಟು ಕೊಟ್ರೆ ನಾನು ಕೊಡಲ್ಲ." ಕೊನೆಗೆ ಬೀಗಿತ್ತಿಯ ಗಂಟಿನಲ್ಲಿ ಇದ್ದದ್ದೆಲ್ಲ ಹೋಗಿ, ತೋಟಾದ ದುಡ್ಡು ಮುಂದಿನ ಬೆಳೆಗೆ ಎಂದು ತೀರ್ಮಾನವಾಯಿತು. ಅದರ ನಡುವೆ ಎಲ್ಲೋ ಇಬ್ಬರೂ ಅಳುತ್ತಿದ್ದರು. ಕಡುಬಿನ ಹಿಟ್ಟು ಒಣಗಿತು.

ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಒಂದು ಕನ್ಫೆಷನ್ ಬಾಕ್ಸ್ ಇತ್ತು. ಕ್ರಿಶ್ಚಿಯನ್ ಹುಡುಗಿಯರು ಸಾಲಾಗಿ ಹೋಗಿ ಬರುವರು, ನಾವು ಹಿಂದೂ ಹುಡುಗಿಯರು ಹೊರಗೆ ಮಾರಲ್ ಸೈನ್ಸ್ ಪುಸ್ತಕ ಹಿಡಿದು ಕೂರುವೆವು. ಹೊರಗೆ ಬಂದವರ ಮುಖ ತೊಳೆದ ಹಾಗಿರುತ್ತಿತ್ತು. ಆ ಮಧ್ಯಾಹ್ನ ಬೀಗಿತ್ತಿಯ ಮುಖ ಹಾಗಿತ್ತು. ನಾನೂ ಹೇಳಿಬಿ­ಡಬಹುದಿತ್ತು, ನನಗೂ ಅದೇ ಅನಿಸಿತು ಎಂದು. ಬದಲಿಗೆ, "ಯೂ ಆರ್ ವೆರಿ ಬ್ರೇವ್" ಎಂದೆ.

"ಎಂತ ಬ್ರೇವ್ ಅಕ್ಕ? ನಿಮಗೂ ಹಾಗೇ ಅನಿಸ್ತಲ್ಲ. ಅವತ್ತು ಸೊಪ್ಪಿನ ಕಡ್ಡಿಯೆಲ್ಲ ಪಾತ್ರೆಗೆ ಹಾಕಿ ಎಲೆ ಬಿಸಾಕಿದ್ರಿ."

"ಛೆ ಛೆ, ನನಗೇನಿಲ್ಲಪ್ಪ" ಎಂದೆ.

ಅವರು ಒತ್ತಾಯಿಸಲಿಲ್ಲ. ಒಣಗಿದ ಹಿಟ್ಟಿಗೆ ನೀರು ಚಿಮುಕಿಸಿಕೊಂಡು ಮತ್ತೆ ಉಂಡೆ ಕಟ್ಟಲು ಕೂತರು.

ಗಡಿಗಳು ಸಡಿಲವಾದ ಮೇಲೆ ಅವರು ಊರಿಗೆ ಹೋದರು, ನಾನು ಇಲ್ಲೇ ಉಳಿದೆ. ಮರುವರ್ಷದ ಕೈಲ್ ಮುಹೂರ್ತದ ದಿನ ವೀಡಿಯೋ ಕಾಲ್ ಬಂತು. ತಮ್ಮ ಮುಖ ತೋರಿಸಲೇ ಇಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿದ್ದ ರೈಫಲ್ಲನ್ನು ಬುಡದಿಂದ ತುದಿಯವರೆಗೆ ತೋರಿಸಿ, "ಕಂಡಿತಾ ಅಕ್ಕ?" ಎಂದು ಕಿರುಚಿದರು. ಅಳಿಯಂದಿರು ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಅದು ಅಪ್ಪನದೇ ಅಲ್ಲವೇ, ಆಗ ಯಾಕೆ ಮಾರಿದ್ದರು ಎಂದು ಆಮೇಲೆ ಕೇಳಿದರು. ಅದೇ ನಿಮ್ಮ ಇಂಜಿನಿಯರಿಂಗ್ ಸೀಟು ಎಂದು ನಾನೇ ಹೇಳಿದೆ.

ಆ ಚಳಿಗಾಲದಲ್ಲೇ ಬೀಗಿತ್ತಿ ಹೋದರು, ಕೋವಿಡ್ಡಲ್ಲ, ನಿದ್ದೆಯಲ್ಲಿ, ಹೃದಯ ನಿಂತು. ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅಳಿಯಂದಿರು ಫೋನು ಹಿಡಿದು ಅಡುಗೆಮನೆಗೆ ಬಂದು, "ಅವ್ವ ಹೋದ್ರಂತೆ, ಅತ್ತೆ" ಎಂದರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಮಗಳು ಟಿಕೆಟ್ಟಿಗೆ ಓಡಾಡುತ್ತಿದ್ದಳು, ಫೋನುಗಳು ಬರುತ್ತಿದ್ದವು. ಎಲ್ಲರಿಗೂ ಅಳಿಯಂದಿರು ಒಂದೇ ಒಣ ದನಿಯಲ್ಲಿ ಹೌದು, ಥ್ಯಾಂಕ್ಸ್, ಹೌದು ಎನ್ನುತ್ತಿದ್ದರು. ಮಧ್ಯಾಹ್ನ ಅವರ ಸೂಟ್‌ಕೇಸಿಗೆ ಬಟ್ಟೆ ಜೋಡಿಸಲು ನಾನು ಹೋದೆ. ಮಂಚದ ಅಂಚಿಗೆ ಕೂತಿದ್ದರು.

ನಾನು ಬಾಗಿಲು ಹಾಕಿ ಹೇಳಿದೆ: "ಬೆಳಗ್ಗೆ ನೀವು ಸುದ್ದಿ ಹೇಳಿದಾಗ ನನಗೆ ಮೊದಲು ಬಂದದ್ದು ದುಃಖ ಅಲ್ಲ. ಅವರು ನನಗಿಂತ ಎರಡು ವರ್ಷ ಚಿಕ್ಕವರು. ಸದ್ಯ, ನಾನಲ್ಲ ಅಂದ್ಕೊಂಡೆ."

ಹೇಳಿದ ಮೇಲೆ ನನ್ನ ಕಿವಿಯೆಲ್ಲ ಕಾದುಹೋಯಿತು. ಅವರು ತಲೆ ಎತ್ತಿದರು.

"ನಾಳೆ ಕ್ಲೈಂಟ್ ಪ್ರೆಸೆಂಟೇಶನ್ ಇತ್ತು ಅತ್ತೆ. ಅದು ತಪ್ಪಿತಲ್ಲ ಅನ್ನಿಸ್ತು ನನಗೆ. ಸಮಾಧಾನ ಆಯ್ತು. ಮೊದಲು ಅದೇ ಆಯ್ತು" ಎಂದರು. ಹೇಳುತ್ತಾ ಹೇಳುತ್ತಾ ಅವರ ಬಾಯಿ ಸೊಟ್ಟಗಾಯಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಕೆಳಗಿನ ಕಾರ್ ಪಾರ್ಕಿಗೂ ಕೇಳುವ ಹಾಗೆ ಅತ್ತರು. ಮಗಳು ಓಡಿ ಬಂದು ಬಾಗಿಲು ತಟ್ಟಿದಳು. ನಾನು ತೆಗೆಯಲಿಲ್ಲ. ಅವರು ಅತ್ತು ಮುಗಿಸುವ ತನಕ ಶರಟುಗಳನ್ನು ಒಂದೊಂದಾಗಿ ಮಡಿಸುತ್ತಾ ಪಕ್ಕದಲ್ಲೇ ಕೂತಿದ್ದೆ.